ಡಿವಿಡೆಂಡ್ ಬಂದರೆ ನಾನು ಮಾಡುವುದು ಇಷ್ಟೇ

ನನ್ನ ಲೆಕ್ಕದ ಶೀಟಿನಲ್ಲಿ ಷೇರಿನ ಬೆಲೆಗೆ ಕೊನೆಯ ಕಾಲಂ. ಮೊದಲ ಕಾಲಂ ಷೇರುಗಳ ಸಂಖ್ಯೆಯದು. ಡಿವಿಡೆಂಡ್ (ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಖಾತೆಗೆ ಬಿದ್ದರೆ ಅದೇ ದುಡ್ಡಿಗೆ ಮತ್ತೆ ಷೇರು ಕೊಂಡು ಆ ಸಂಖ್ಯೆ ತಿದ್ದುತ್ತೇನೆ. ಚಿಲ್ಲರೆ ಮೊತ್ತವಾದರೆ ಇನ್ನೆರಡು ಕಂಪನಿಗಳದ್ದೂ ಬರಲಿ ಅಂತ ಕಾಯುತ್ತೇನೆ. ಇಲ್ಲದಿದ್ದರೆ ಬ್ರೋಕರೇಜ್‌ಗೇ ಒಂದು ಪಾಲು ಹೋಗುತ್ತದೆ.

ವರ್ಷಕ್ಕೆ ಎರಡು ಪರ್ಸೆಂಟ್ ಡಿವಿಡೆಂಡ್‌ನಿಂದ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಬೆಲೆ ಮಾತ್ರ ವರ್ಷಕ್ಕೆ ಶೇ 7ರಂತೆ ಏರಿದರೆ 100 ಇದ್ದದ್ದು 30 ವರ್ಷಕ್ಕೆ 761 ಆಗುತ್ತದೆ. ಶೇ 2 ಡಿವಿಡೆಂಡನ್ನೂ ಮತ್ತೆ ಹಾಕುತ್ತಾ ಹೋಗಿ ಶೇ 9 ಸಿಕ್ಕರೆ ಸುಮಾರು 1,327. ಇದು ತೆರಿಗೆ ಹಿಡಿಯದ ಲೆಕ್ಕ. ತೆರಿಗೆ ಕಳೆದರೆ ಸ್ವಲ್ಪ ಇಳಿಯುತ್ತದೆ, ಆದರೂ ಅಂತರ ಸಣ್ಣದಲ್ಲ.

ದಿನಾ ಸುದ್ದಿಯಲ್ಲಿ ಬರುವ ಸೂಚ್ಯಂಕಗಳಲ್ಲಿ ಈ ಅಂತರ ಕಾಣುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. (ಜರ್ಮನಿಯ ಡ್ಯಾಕ್ಸ್‌ನಲ್ಲಿ ಡಿವಿಡೆಂಡ್ ಸೇರಿರುತ್ತದೆ, ಹಾಗಾಗಿ ಅದನ್ನು ಅಮೆರಿಕದ ಡೌ ಜೋನ್ಸ್ ಸೂಚ್ಯಂಕದ ಪಕ್ಕಕ್ಕಿಟ್ಟು ಹೋಲಿಸುವುದು ನ್ಯಾಯವಲ್ಲ.) ಡೌ ಜೋನ್ಸ್ ತನ್ನ 1929ರ ಎತ್ತರವನ್ನು ಮತ್ತೆ ಮುಟ್ಟಿದ್ದು 1954ರಲ್ಲಿ. ಡಿವಿಡೆಂಡ್ ಸೇರಿಸಿ ನೋಡಿದರೆ ಕಾಯಬೇಕಾದ ಕಾಲ ಎಷ್ಟೋ ಕಡಿಮೆ. ಅದಕ್ಕೇ ನನ್ನ ಗಳಿಕೆಯನ್ನು ನಾನು ಡಿವಿಡೆಂಡನ್ನೂ ಸೇರಿಸಿ ಲೆಕ್ಕ ಹಾಕುವ ಟೋಟಲ್ ರಿಟರ್ನ್ ಸೂಚ್ಯಂಕದ ಜೊತೆ ಮಾತ್ರ ಹೋಲಿಸುತ್ತೇನೆ.

ನಿಜವಾದ ಕೆಲಸ ನಡೆಯುವುದು ಮಾರುಕಟ್ಟೆ ಬಿದ್ದಾಗ. 500 ಷೇರು ಇವೆ, ಷೇರಿಗೆ 4ರಂತೆ ಡಿವಿಡೆಂಡ್ ಬಂತು ಅಂದುಕೊಳ್ಳಿ. ಕೈಯಲ್ಲಿ 2,000. ಬೆಲೆ 100 ಇದ್ದರೆ 20 ಷೇರು ಸಿಗುತ್ತವೆ. ಬೆಲೆ 50ಕ್ಕೆ ಇಳಿದು ಡಿವಿಡೆಂಡ್ ಮಾತ್ರ ಅಷ್ಟೇ ಉಳಿದಿದ್ದರೆ 40! ಮುಂದಿನ ಸಲ ಆ 40ಕ್ಕೂ ಡಿವಿಡೆಂಡ್ ಬರುತ್ತದೆ. ಎಲ್ಲರೂ ಕೆಂಪು ಬಣ್ಣ ನೋಡುತ್ತಾ ಕೂತಿರುವ ಹೊತ್ತಿನಲ್ಲೇ ನನ್ನ ಮೊದಲ ಕಾಲಂ ಜಾಸ್ತಿ ವೇಗವಾಗಿ ಬೆಳೆಯುತ್ತದೆ.

ಹಾಗಂತ ಡಿವಿಡೆಂಡ್ ಪುಕ್ಕಟೆ ದುಡ್ಡಲ್ಲ. ಎಕ್ಸ್-ಡೇಟ್ ದಿನ (ಅಂದಿನಿಂದ ಕೊಂಡವರಿಗೆ ಆ ಸಲದ ಡಿವಿಡೆಂಡ್ ಸಿಗುವುದಿಲ್ಲ) ಷೇರಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಂಪನಿಯ ಪೆಟ್ಟಿಗೆಯಿಂದ ನಮ್ಮ ಜೇಬಿಗೆ ಬಂತು, ಅಷ್ಟೇ ಅಲ್ವಾ? ಹಾಗಾಗಿ ಡಿವಿಡೆಂಡ್‌ಗೋಸ್ಕರವೇ ಹಿಂದಿನ ದಿನ ಓಡಿಹೋಗಿ ಷೇರು ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಯೀಲ್ಡ್ (ವರ್ಷದ ಡಿವಿಡೆಂಡ್ ಬೆಲೆಯ ಶೇಕಡಾ ಎಷ್ಟು ಅನ್ನುವುದು) ಶೇ 10, 12 ಅಂತ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಬೆಲೆ ಅರ್ಧವಾದರೆ ಹಳೆಯ ಡಿವಿಡೆಂಡ್ ಮೇಲೆ ಯೀಲ್ಡ್ ತಾನಾಗಿಯೇ ಎರಡರಷ್ಟು ಕಾಣುತ್ತದೆ. ಆಗ ನೋಡಬೇಕಾದ್ದು ಲಾಭದಲ್ಲಿ ಎಷ್ಟು ಪಾಲು ಹಂಚುತ್ತಿದ್ದಾರೆ, ಆ ದುಡ್ಡು ವ್ಯಾಪಾರದಿಂದ ಬಂತಾ ಸಾಲದಿಂದಾ ಅನ್ನುವುದು. ವರ್ಷ ವರ್ಷ ಲಾಭಕ್ಕಿಂತ ಹೆಚ್ಚು ಹಂಚುವ ಕಂಪನಿ ನನಗೆ ಬೇಡ.

ಡಿವಿಡೆಂಡ್ ಕೊಡದ ಕಂಪನಿಗಳೂ ನನ್ನ ಬಳಿ ಇವೆ. ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ನಡೆಸಿದ ಕಾಲದಲ್ಲಿ ಬರ್ಕ್‌ಶೈರ್ ಹ್ಯಾಥವೇ ಕಂಪನಿ ಡಿವಿಡೆಂಡ್ ಕೊಟ್ಟಿದ್ದು ಒಂದೇ ಸಲ, 1967ರಲ್ಲಿ. ಲಾಭವನ್ನು ಒಳಗೇ ಇಟ್ಟುಕೊಂಡು ಚೆನ್ನಾಗಿ ಬೆಳೆಸುವವರು ಹಂಚದಿದ್ದರೇ ನಮಗೆ ಒಳ್ಳೆಯದು, ತೆರಿಗೆಯೂ ಮುಂದಕ್ಕೆ ಹೋಗುತ್ತದೆ.

ಬಂದ ಡಿವಿಡೆಂಡನ್ನು ಅದೇ ಕಂಪನಿಗೆ ಹಾಕಬೇಕೆಂದೇನಿಲ್ಲ. ಅದರ ಬೆಲೆ ಅತಿಯಾಗಿ ಏರಿದೆ ಅನ್ನಿಸಿದರೆ ಆ ಸಲದ ದುಡ್ಡು ಇಂಡೆಕ್ಸ್ ಫಂಡ್‌ಗೆ (ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್) ಹೋಗುತ್ತದೆ.