ಅಲ್ಟ್ರಾ ವೈಡ್ ಲೆನ್ಸ್: ಮೊದಲು ಸೆನ್ಸರ್ ನೋಡಿ

ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಿ ಗೊಮ್ಮಟನ ಎದುರು ಕ್ಯಾಮೆರಾ ಹಿಡಿದವರಿಗೆ ಈ ಪೇಚಾಟ ಗೊತ್ತು. ಮೂರ್ತಿ ಸುಮಾರು 57 ಅಡಿ ಎತ್ತರ. ಸುತ್ತ ಪ್ರಾಕಾರ, ಹಿಂದೆ ಸರಿಯಲು ಜಾಗ ಕಮ್ಮಿ. ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಪಾದ ದೊಡ್ಡದಾಗಿ, ತಲೆ ಪುಟ್ಟದಾಗಿ ಕಾಣುತ್ತದೆ. ತುಂಬ ಅಗಲದ ನೋಟ ಹಿಡಿಯುವ ಅಲ್ಟ್ರಾ ವೈಡ್ ಲೆನ್ಸ್ ಬೇಕು ಅನಿಸುವುದು ಇಂಥ ಕಡೆಯೇ.

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಭಾಗ) ಯಾವುದೆಂದು ತಿಳಿದುಕೊಳ್ಳಿ. ಫುಲ್‌ಫ್ರೇಮ್ ಸೆನ್ಸರ್ ಅಂದರೆ 36x24 ಮಿ.ಮೀ. ಲೆನ್ಸಿನ ಮೇಲೆ ಬರೆದ ಮಿ.ಮೀ. ಅಂಕಿ (ಫೋಕಲ್ ಲೆಂಗ್ತ್) ಕಮ್ಮಿಯಾದಷ್ಟೂ ನೋಟ ಅಗಲ. ಫುಲ್‌ಫ್ರೇಮಿನಲ್ಲಿ 24 ಮಿ.ಮೀ.ಗಿಂತ ಕೆಳಗಿನ ಲೆನ್ಸನ್ನು ಅಲ್ಟ್ರಾ ವೈಡ್ ಅನ್ನುವುದು ರೂಢಿ. ಸೆನ್ಸರ್ ಚಿಕ್ಕದಾದಷ್ಟೂ ಅದೇ ಲೆನ್ಸಿಗೆ ಕಾಣುವ ಜಾಗ ಕಮ್ಮಿಯಾಗುತ್ತದೆ. ಲೆಕ್ಕ ಸುಲಭ. ಲೆನ್ಸಿನ ಮೇಲಿನ ಅಂಕಿಯನ್ನು ನಿಕಾನ್, ಸೋನಿ, ಫ್ಯೂಜಿಯ ಎಪಿಎಸ್-ಸಿ (ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಗಳಲ್ಲಿ 1.5ರಿಂದ, ಕ್ಯಾನನ್ ಎಪಿಎಸ್-ಸಿಯಲ್ಲಿ 1.6ರಿಂದ, ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 2ರಿಂದ ಗುಣಿಸಿದರೆ ಫುಲ್‌ಫ್ರೇಮಿನ ಲೆಕ್ಕ ಸಿಗುತ್ತದೆ. ಫುಲ್‌ಫ್ರೇಮಿನ 16 ಮಿ.ಮೀ. ನೋಟ ಬೇಕಿದ್ದರೆ ಕ್ಯಾನನ್ ಎಪಿಎಸ್-ಸಿಗೆ 10, ಮೈಕ್ರೋ ಫೋರ್ ಥರ್ಡ್ಸ್‌ಗೆ 8 ಮಿ.ಮೀ. ಕೊಳ್ಳಬೇಕು. ಫ್ಯೂಜಿ ಜಿಎಫ್‌ಎಕ್ಸ್ ಸೆನ್ಸರ್ ಫುಲ್‌ಫ್ರೇಮಿಗಿಂತ ದೊಡ್ಡದು, ಅಲ್ಲಿ 20 ಮಿ.ಮೀ. ಇದ್ದರೇ ಸಾಕು.

ಹಾಗಾಗಿ ಎಪಿಎಸ್-ಸಿ ಕ್ಯಾಮೆರಾಕ್ಕೆ ದುಬಾರಿ 16-35 ಲೆನ್ಸ್ ತರಬೇಡಿ. ಅಲ್ಲಿ ಅದು ಬರೀ 24ರಿಂದ, ಕ್ಯಾನನ್ ಆದರೆ ಸುಮಾರು 26ರಿಂದ ಶುರುವಾಗುತ್ತದೆ. ಜೊತೆಗೆ ಬಂದ 18-55 ಕಿಟ್ ಲೆನ್ಸಿಗಿಂತ ಅಷ್ಟೇನೂ ಅಗಲವಲ್ಲ.

ಆಮೇಲೆ, ಎಷ್ಟು ಅಗಲ ಬೇಕು ಅನ್ನುವುದು. ಗೊಮ್ಮಟನನ್ನೇ ತೆಗೆದುಕೊಳ್ಳಿ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಮೇಲೆತ್ತದೆ ನೇರ ಹಿಡಿದರೆ ಪಾದ-ತಲೆಯ ಅಳತೆ ಕೆಡುವುದಿಲ್ಲ. ಹಾಗೆ ಪೂರ್ತಿ ಮೂರ್ತಿ ಹಿಡಿಯಲು ನಿಕಾನ್ ಎಪಿಎಸ್-ಸಿಯಲ್ಲಿ 18 ಮಿ.ಮೀ.ಗೆ ಸುಮಾರು 80 ಅಡಿ ದೂರ ಬೇಕು. 10 ಮಿ.ಮೀ. ಆದರೆ 45 ಅಡಿ ಸಾಕು. ಕೆಳಗಿನ ಅರ್ಧದಲ್ಲಿ ಬರುವ ನೆಲವನ್ನು ಆಮೇಲೆ ಕತ್ತರಿಸಿದರಾಯಿತು. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ 70 ಆದರೇನು, 72 ಆದರೇನು? ಇಲ್ಲಿ ಹಾಗಲ್ಲ. ಫುಲ್‌ಫ್ರೇಮಿನಲ್ಲಿ 16ರ ನೋಟ ಮೂಲೆಯಿಂದ ಮೂಲೆಗೆ 107 ಡಿಗ್ರಿ, 14ರದ್ದು 114.

ಅಂದಹಾಗೆ, ಮದುವೆ ಗ್ರೂಪ್ ಫೋಟೊಗೆ ಇದನ್ನು ಬಳಸಬೇಡಿ. ಅಂಚಿನಲ್ಲಿ ನಿಂತ ಚಿಕ್ಕಪ್ಪ ಸುಮ್ನೆ ದಪ್ಪಗಾಗಿಬಿಡುತ್ತಾರೆ.

ಮುಂದೆ ಫುಲ್‌ಫ್ರೇಮಿಗೆ ಹೋಗುವ ಯೋಚನೆ ಇದ್ದರೆ ಮೌಂಟ್ (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜಾಗ) ವಿಚಾರಿಸಿ. ಎಪಿಎಸ್-ಸಿಗೆಂದೇ ಮಾಡಿದ ಕ್ಯಾನನ್ ಇಎಫ್-ಎಸ್ ಲೆನ್ಸ್ ಅವರದೇ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ.

ಎಫ್ ಅಂಕಿ ಕಮ್ಮಿಯಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ. ನಕ್ಷತ್ರ ತೆಗೆಯುವವರಿಗೆ ಎಫ್/2.8 ಬೇಕು. ದೇವಸ್ಥಾನ, ಕೋಟೆಗೆ ಎಫ್/4 ಸಾಕು, ತೂಕವೂ ಕಮ್ಮಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಕೇಳುತ್ತಾರೆ, ಅಲ್ವಾ? ಹಾಗಾಗಿ ಕೈ ನಡುಕ ತಡೆಯುವ ಸೌಲಭ್ಯಕ್ಕೇ ನನ್ನ ಓಟು. ಕ್ಯಾನನ್ 10-18, ನಿಕಾನ್ ಡಿಎಕ್ಸ್ 10-20 ಎರಡರಲ್ಲೂ ಅದಿದೆ. ಮುಂದಿನ ಗಾಜು ಉಬ್ಬಿರುವ ಲೆನ್ಸಿಗೆ ಮಾಮೂಲಿ ಫಿಲ್ಟರ್ ಹಾಕಲಾಗದು ಎಂಬುದೂ ನೆನಪಿರಲಿ.

ಕೊಂಡ ದಿನವೇ ಇಟ್ಟಿಗೆ ಗೋಡೆಗೆ ನೇರವಾಗಿ ನಿಂತು ಎಫ್/8ರಲ್ಲಿ ಒಂದು ಫೋಟೊ ತೆಗೆಯಿರಿ. ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ಎಲ್ಲವೂ ಸ್ವಲ್ಪ ಮಂದವಾದರೆ ಚಿಂತೆಯಿಲ್ಲ. ಒಂದೇ ಮೂಲೆ ಜಾಸ್ತಿ ಮಸುಕಾಗಿದ್ದರೆ ಇನ್ನೊಂದು ಫೋಟೊ ತೆಗೆದು ಖಚಿತಪಡಿಸಿಕೊಂಡು ಲೆನ್ಸ್ ಬದಲಿಸಿಕೊಳ್ಳಿ.