ರಾಗಿ ಎಲೆಯ ಪ್ರೋಟೀನಿಗೆ ನಾನು ಚಾಪ್ಸ್ (CHAPS) ಡಿಟರ್ಜೆಂಟ್ ಬಳಸುವ ರೀತಿ

ಬರೀ ಪ್ರೋಟೀನ್ ಕರಗಿಸುವುದೇ ಕೆಲಸವಾಗಿದ್ದರೆ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಹಾಕಿ ಕುದಿಸಿ ಮುಗಿಸಬಹುದಿತ್ತು. ಆದರೆ ನನ್ನದು 2ಡಿ ಜೆಲ್, ಪ್ರೋಟೀನುಗಳನ್ನು ಮೊದಲು ಚಾರ್ಜ್, ಆಮೇಲೆ ಗಾತ್ರ ನೋಡಿ ಬಿಡಿಸುವ ವಿಧಾನ. ಅದರ ಮೊದಲ ಹಂತದಲ್ಲಿ, ಸಾವಿರಾರು ವೋಲ್ಟ್‌ಗಳಲ್ಲಿ, ಪ್ರೋಟೀನುಗಳು ತಮ್ಮ ಚಾರ್ಜ್ ಪ್ರಕಾರ ಜೆಲ್‌ನ ತೆಳು ಪಟ್ಟಿಯಲ್ಲಿ (ಸ್ಟ್ರಿಪ್) ಬೇರೆಯಾಗಬೇಕು. ಎಸ್‌ಡಿಎಸ್ ಮೈತುಂಬ ಅಂಟಿಕೊಂಡು ಆ ಚಾರ್ಜನ್ನೇ ಮುಚ್ಚಿಬಿಡುತ್ತದೆ.

ಅದಕ್ಕೇ ಚಾಪ್ಸ್. ಒಂದೇ ಅಣುವಿನಲ್ಲಿ ಪ್ಲಸ್ಸೂ ಇದೆ, ಮೈನಸ್ಸೂ ಇದೆ, ಒಟ್ಟು ಲೆಕ್ಕ ಸೊನ್ನೆ. ಟ್ರೈಟಾನ್ ಎಕ್ಸ್-100ಕ್ಕೂ ಚಾರ್ಜ್ ಇಲ್ಲ, ಆದರೆ ಅದು ಪ್ರೋಟೀನ್ ಅಳೆಯಲು ಬಳಸುವ 280 ನ್ಯಾನೋಮೀಟರ್ ಬೆಳಕನ್ನೇ ಹೀರುತ್ತದೆ, ಡಯಾಲಿಸಿಸ್‌ಗೂ (ಪೊರೆಯ ಮೂಲಕ ಸೋಸಿ ತೆಗೆಯುವುದಕ್ಕೂ) ಬಗ್ಗುವುದಿಲ್ಲ. ಚಾಪ್ಸ್‌ನ ಮೈಸೆಲ್, ಅಂದರೆ ಅದರ ಅಣುಗಳ ಗುಂಪು, ಸುಮಾರು 6 ಕಿಲೋಡಾಲ್ಟನ್ ಅಷ್ಟೇ, ಹಾಗಾಗಿ ಸೋಸಿಹೋಗುತ್ತದೆ. 1980ರಲ್ಲಿ ಲಿಯೊನಾರ್ಡ್ ಹೆಲ್ಮೆಲ್ಯಾಂಡ್ ಇದನ್ನು ಪಿತ್ತರಸದ ಆಮ್ಲವೊಂದನ್ನು ಆಧರಿಸಿ ರೂಪಿಸಿದರು.

ಎಲೆಯನ್ನು ನೇರವಾಗಿ ಬಫರ್‌ಗೆ (ಪ್ರೋಟೀನ್ ಕರಗಿಸುವ ದ್ರಾವಣಕ್ಕೆ) ಹಾಕುವುದಿಲ್ಲ. ಫೀನಾಲು, ಉಪ್ಪು ಎಲ್ಲ ಜೊತೆಗೆ ಬಂದು ಜೆಲ್ ಮೇಲೆ ಅಡ್ಡಗೆರೆ ಎಳೆಯುತ್ತವೆ. ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆದು, 10% ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಇರುವ ತಣ್ಣನೆಯ ಅಸಿಟೋನ್‌ನಲ್ಲಿ ರಾತ್ರಿಯಿಡೀ −20 ಡಿಗ್ರಿಯಲ್ಲಿ ಇಡುತ್ತೇನೆ. ಪ್ರೋಟೀನ್ ಗಟ್ಟಿಯಾಗಿ ತಳಕ್ಕಿಳಿಯುತ್ತದೆ, ಅದೇ ಪೆಲೆಟ್. ಆಮೇಲೆ ಬರೀ ಅಸಿಟೋನ್‌ನಲ್ಲಿ ತೊಳೆಯುವುದು. ಹಸಿರೆಲ್ಲ ಹೋಗಿ ಪೆಲೆಟ್ ಬೆಳ್ಳಗಾಗುವವರೆಗೂ ತೊಳೆಯುವುದನ್ನು ನಿಲ್ಲಿಸಬಾರದು. ತೀರಾ ಒಣಗಿಸಲೂಬಾರದು. ಗಟ್ಟಿಯಾದ ಪೆಲೆಟ್ ಆಮೇಲೆ ಯಾವ ಡಿಟರ್ಜೆಂಟಿಗೂ ಜಗ್ಗುವುದಿಲ್ಲ. ಸ್ವಲ್ಪ ತೇವ ಇರುವಾಗಲೇ ಬಫರ್ ಹಾಕುತ್ತೇನೆ.

10 ಮಿ.ಲೀ. ಬಫರ್‌ಗೆ ಯೂರಿಯಾ 4.2 ಗ್ರಾಂ, ಥಯೋಯೂರಿಯಾ 1.52 ಗ್ರಾಂ, ಚಾಪ್ಸ್ 0.4 ಗ್ರಾಂ. ಅಂದರೆ 7 ಮೋಲಾರ್, 2 ಮೋಲಾರ್, 4%. ನೀರು ಮೊದಲು 5 ಮಿ.ಲೀ. ಮಾತ್ರ, ಯೂರಿಯಾ ಕರಗಿದಂತೆ ಮಟ್ಟ ತಾನೇ ಏರುತ್ತದೆ. ಟ್ಯೂಬ್ ಕೈಗೆ ತಣ್ಣಗೆ ಕೊರೆಯುತ್ತದೆ, ಕರಗಲು ಹಟ ಮಾಡುತ್ತದೆ. ಬಿಸಿ ಮಾಡೋಣ ಅನಿಸುತ್ತದೆ, ಅಲ್ವಾ? 37 ಡಿಗ್ರಿ ದಾಟಿಸಬೇಡಿ. ಕಾವು ಏರಿದರೆ ಯೂರಿಯಾದಿಂದ ಸಯನೇಟ್ ಹುಟ್ಟಿ ಪ್ರೋಟೀನಿಗೆ ಅಂಟುತ್ತದೆ, ಚಾರ್ಜ್ ಬದಲಾಗಿ ಒಂದು ಚುಕ್ಕೆ ಹಲವು ಚುಕ್ಕೆಗಳ ಸಾಲಾಗುತ್ತದೆ. ನಾನು 30 ಡಿಗ್ರಿಯಲ್ಲಿ ತಾಳ್ಮೆಯಿಂದ ತಿರುಗಿಸುತ್ತೇನೆ. ಜೋರಾಗಿ ಕುಲುಕಿದರೆ ಸುಮ್ನೆ ನೊರೆ ಏಳುತ್ತದೆ. ಪ್ರೋಟೀನಿನ ಗಂಧಕದ ಕೊಂಡಿಗಳನ್ನು ಬಿಡಿಸುವ ಡಿಟಿಟಿ 1% ಆಗುವಷ್ಟು, ಬಳಸುವ ಹೊತ್ತಿಗೆ ಮಾತ್ರ.

ಈ ಬಫರ್‌ನಲ್ಲಿ ಪ್ರೋಟೀನ್ ಎಷ್ಟಿದೆಯೆಂದು ಬಣ್ಣದಿಂದ ಹೇಳುವ ಬಿಸಿಎ ಅಳತೆ ನಂಬಲಾಗದು, ಥಯೋಯೂರಿಯಾ ಮತ್ತು ಡಿಟಿಟಿ ತಾವೇ ಬಣ್ಣ ಬರಿಸುತ್ತವೆ. ನಾನು ಬ್ರ್ಯಾಡ್‌ಫರ್ಡ್ ಎಂಬ ಇನ್ನೊಂದು ಬಣ್ಣದ ಅಳತೆ ಮಾಡುತ್ತೇನೆ, ಹೋಲಿಕೆಗೆ ಇಡುವ ಪ್ರೋಟೀನನ್ನೂ (ಸ್ಟ್ಯಾಂಡರ್ಡ್) ಇದೇ ಬಫರ್‌ನಲ್ಲಿ ಕರಗಿಸಿ.

ಚಾಪ್ಸ್‌ಗೂ ಮಿತಿ ಇದೆ. ರುಬಿಸ್ಕೋದಂಥ ನೀರಲ್ಲಿ ಕರಗುವ ಪ್ರೋಟೀನುಗಳು ಧಾರಾಳವಾಗಿ ಬರುತ್ತವೆ, ಪೊರೆಯೊಳಗೆ ಹುದುಗಿದವು ಅಷ್ಟು ಸುಲಭವಾಗಿ ಬರುವುದಿಲ್ಲ. ಅಲ್ಲಿ ಎಎಸ್‌ಬಿ-14 ಎಂಬ ಡಿಟರ್ಜೆಂಟ್ ವಾಸಿ. ಅದೂ ಪ್ಲಸ್-ಮೈನಸ್ ಜಾತಿಯದೇ, ಆದರೆ ಬಾಲ ಉದ್ದ. ಇದೇ ಬಳಗದ ಎಸ್‌ಬಿ 3-10 ಮಾತ್ರ ಇಷ್ಟು ಜಾಸ್ತಿ ಯೂರಿಯಾದಲ್ಲಿ ಕರಗಿ ನಿಲ್ಲುವುದಿಲ್ಲ.

ಸೆಂಟ್ರಿಫ್ಯೂಜ್ ಆದಮೇಲೆ ತಳದಲ್ಲಿ ಉಳಿದದ್ದನ್ನು ಎಸೆಯಬೇಡಿ. ಎಸ್‌ಡಿಎಸ್‌ನಲ್ಲಿ ಕುದಿಸಿ ಮಾಮೂಲಿ ಜೆಲ್ ಓಡಿಸಿ. ಅಲ್ಲಿ ಗಾಢ ಬ್ಯಾಂಡ್ ಕಂಡರೆ, ಅಂದರೆ ಕರಗದ ಪ್ರೋಟೀನ್ ಇನ್ನೂ ಉಳಿದಿದ್ದರೆ, ನಾನು ಅದೇ ಎಲೆಪುಡಿಯ ಇನ್ನೊಂದು ಪಾಲಿಗೆ ಎಎಸ್‌ಬಿ-14 ಹಾಕಿ ನೋಡುತ್ತೇನೆ.