ಸನ್‌ಸಾಫ್ಟ್ ಬೇಸ್: ನಾನು ಮಾಡಿಕೊಂಡ ಬಗೆ

ನಿಂಟೆಂಡೊದ ಹಳೆಯ 8-ಬಿಟ್ ಆಟಗಳ ಹಾಡು ಕೇಳುವವರಿಗೆ ಜಪಾನಿನ ಸನ್‌ಸಾಫ್ಟ್ ಕಂಪನಿಯ ಬೇಸ್, ಅಂದರೆ ಹಾಡಿನ ಅಡಿಯಲ್ಲಿ ನುಡಿಯುವ ತಗ್ಗಿನ ಸ್ವರಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 1990ರ ‘ಜರ್ನಿ ಟು ಸಿಲಿಯಸ್’ ಹಚ್ಚಿದರೆ ಸಾಕು. ಜಪಾನಿನಲ್ಲಿ ಅದರ ಹೆಸರು ‘ರಾಫ್ ವರ್ಲ್ಡ್’. ಟರ್ಮಿನೇಟರ್ ಸಿನಿಮಾದ ಆಟ ಅಂತ ಶುರುವಾಗಿ, ಹಕ್ಕು ಕೈತಪ್ಪಿದ ಮೇಲೆ ಕಥೆ ಬದಲಾಯಿಸಿಕೊಂಡದ್ದು. ಆಟ ಸುಮಾರು. ನಾನು ಅದನ್ನು ಹಾಕುವುದು ನಾವೊಕಿ ಕೊದಾಕ ಮತ್ತು ಅವರ ಜೊತೆಗಾರರ ಸಂಗೀತಕ್ಕೆ. ಅದರಲ್ಲಿ ಬೇಸ್ ಗಿಟಾರಿನ ತಂತಿ ಮೀಟಿದ ಸದ್ದೇ ಬರುತ್ತದೆ. ಫ್ಯಾಮಿಟ್ರ್ಯಾಕರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ನಾನೂ ಆಗಾಗ ಟ್ಯೂನ್ ಮಾಡುತ್ತೇನೆ. ಆ ಬೇಸ್ ನನ್ನ ಟ್ಯೂನಿನಲ್ಲೂ ಬೇಕು ಅನ್ನಿಸಿತು.

ಜಪಾನಿನಲ್ಲಿ ನಿಂಟೆಂಡೊದ ಆ 8-ಬಿಟ್ ಸೆಟ್‌ನ ಹೆಸರು ಫ್ಯಾಮಿಕಾಮ್. 1983ರ ಆ ಸೆಟ್‌ನ ಚಿಪ್‌ನಲ್ಲಿ ಐದು ಚಾನೆಲ್ ಇವೆ: ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಕೊನೆಯದು ಡಿಪಿಸಿಎಂ. ಸಾಮಾನ್ಯವಾಗಿ ಬೇಸ್ ಟ್ರಯಾಂಗಲ್‌ನ ಪಾಲು. ಡಿಪಿಸಿಎಂ ರೆಕಾರ್ಡ್ ಮಾಡಿದ ಸದ್ದನ್ನು ನುಡಿಸುತ್ತದೆ, ಅದಕ್ಕೆ ಹೆಚ್ಚಾಗಿ ಡ್ರಮ್ಮೋ ಒಂದು ಕೂಗೋ ಹಾಕುತ್ತಿದ್ದರು. ಸನ್‌ಸಾಫ್ಟ್‌ನವರು ಬೇಸನ್ನೇ ಅಲ್ಲಿಗೆ ತಂದರು.

ಬೇಸ್ ಅಲ್ಲಿ ಚೆನ್ನಾಗಿ ಕೂರುವುದಕ್ಕೆ ಕಾರಣ ಇದೆ. ಡಿಪಿಸಿಎಂನಲ್ಲಿ ಒಂದು ಸಲಕ್ಕೆ ಒಂದೇ ಬಿಟ್. ಬಿಟ್ 1 ಇದ್ದರೆ ಸದ್ದಿನ ಅಲೆಯ ಮಟ್ಟ ಎರಡು ಏರುತ್ತದೆ, 0 ಇದ್ದರೆ ಎರಡು ಇಳಿಯುತ್ತದೆ. ಒಟ್ಟು ಮಟ್ಟ 0ರಿಂದ 127. ಸಿಂಬಲ್‌ನಂಥ ಚುರುಕು ಸದ್ದಿನ ಹಿಂದೆ ಓಡಲು ಅದಕ್ಕೆ ಆಗುವುದಿಲ್ಲ. ಬೇಸ್‌ನ ಅಲೆ ನಿಧಾನ, ಆರಾಮಾಗಿ ಹಿಡಿಯುತ್ತದೆ.

ಗೆಳೆಯನೊಬ್ಬನ ಬೇಸ್ ಗಿಟಾರ್ ತಂದು, ಬ್ರಿಡ್ಜ್ ಹತ್ತಿರ ಪಿಕ್‌ನಿಂದ ಮೀಟಿ ರೆಕಾರ್ಡ್ ಮಾಡಿದೆ. ಬೆರಳಲ್ಲಿ ಮೀಟಿದರೆ ಸದ್ದು ಮೆತ್ತಗಾಗುತ್ತದೆ, ಒಂದು ಬಿಟ್‌ನಲ್ಲಿ ಆ ಮೃದುತನ ಉಳಿಯುವುದೂ ಇಲ್ಲ. ಆಮೇಲೆ ಕಾಲು ಸೆಕೆಂಡಿಗೆ ಕತ್ತರಿಸಿದೆ. ಅತಿ ಹೆಚ್ಚಿನ ವೇಗ ಸೆಕೆಂಡಿಗೆ ಸುಮಾರು 33,000 ಬಿಟ್, ಅಂದರೆ ಕಾಲು ಸೆಕೆಂಡಿಗೆ ಒಂದು ಕಿಲೋಬೈಟ್. ಚಿಪ್ ಒಮ್ಮೆಗೆ ನೋಡಬಲ್ಲ ಸ್ಯಾಂಪಲ್ (ರೆಕಾರ್ಡ್ ಮಾಡಿದ ತುಣುಕು) ಜಾಗ 16 ಕಿಲೋಬೈಟ್ ಮಾತ್ರ.

ಕತ್ತರಿಸುವಾಗ ಬಾಲದ ಕಡೆ ಗಮನ ಬೇಕು. ಸ್ಯಾಂಪಲ್ ಮುಗಿದಾಗ ಮಟ್ಟ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಅದು ಮೇಲಿದ್ದರೆ ಟ್ರಯಾಂಗಲ್ ಮತ್ತು ನಾಯ್ಸ್ ಎರಡರ ಸದ್ದೂ ಕುಗ್ಗುತ್ತದೆ, ಚಿಪ್‌ನಲ್ಲಿ ಈ ಮೂರೂ ಬೆರೆಯುವ ರೀತಿಯೇ ಹಾಗೆ. ಅದಕ್ಕೇ ಅಲೆ ಕೆಳಗಿಳಿದ ಜಾಗ ಹುಡುಕಿ ಕತ್ತರಿಸುತ್ತೇನೆ.

ನಿಜವಾದ ತಲೆನೋವು ಶ್ರುತಿ. ಸ್ಯಾಂಪಲ್ ನುಡಿಸುವ ವೇಗ ಬದಲಾದರೆ ಸ್ವರವೂ ಬದಲಾಗುತ್ತದೆ, ಆದರೆ ಡಿಪಿಸಿಎಂಗೆ ಇರುವುದು 16 ವೇಗ ಮಾತ್ರ. ಕೆಳಗಿನಿಂದ ಒಂದೊಂದಾಗಿ ನುಡಿಸಿದೆ. ಮೊದಲ ಸ್ಥಾಯಿಯಲ್ಲಿ ಸ ರಿ ಗ ಮ ಪ ದ ನಿ, ಪೂರಾ ಶಂಕರಾಭರಣ! ಎರಡನೆಯದರಲ್ಲಿ ಸ ರಿ ಮ ಪ ದ ಅಷ್ಟೇ, ಶುದ್ಧ ಸಾವೇರಿ. ಮೂರನೆಯದರಲ್ಲಿ ಸ ಗ ಪ, ಮೇಲೊಂದು ಸ. ಕೋಮಲ ಸ್ವರ ಒಂದೂ ಇಲ್ಲ. ಮೇಲಿನ ಗಾಂಧಾರವಂತೂ ಕಿವಿಗೆ ಚುಚ್ಚುವಷ್ಟು ಏರಿದೆ. ಕೆಳಗಿನ ವೇಗಗಳಲ್ಲಿ ಸ್ವರ ಸರಿ ಇದ್ದರೂ ಸದ್ದು ಬರೀ ಗರಗರ.

ಆದರೆ ಮೇಲಿನ ಎರಡು ವೇಗಗಳ ಅನುಪಾತ ಕರಾರುವಾಕ್ಕಾಗಿ 4:3. ಚಿಪ್‌ನ ಲೆಕ್ಕದಲ್ಲಿ ಒಂದು ಬಿಟ್‌ಗೆ 54 ಮತ್ತು 72 ಕ್ಲಾಕ್ (ಚಿಪ್‌ನ ಗಡಿಯಾರದ ಮಿಡಿತ). ಅಂದರೆ ಒಂದೇ ಸ್ಯಾಂಪಲ್‌ನಲ್ಲಿ ಷಡ್ಜ ಸಿಗುತ್ತದೆ, ಅದರ ಕೆಳಗಿನ ಪಂಚಮವೂ ಸಿಗುತ್ತದೆ. ಎರಡೂ ಸ್ವಚ್ಛ. ನಾನು ಅಷ್ಟಕ್ಕೇ ನಿಂತೆ. ನನ್ನ ಟ್ಯೂನ್ ಇ ಮೈನರ್‌ನಲ್ಲಿತ್ತು. ಎ ತಂತಿಯ 3, 5, 7ನೇ ಫ್ರೆಟ್‌ನಲ್ಲಿ ಸಿ, ಡಿ, ಇ ರೆಕಾರ್ಡ್ ಮಾಡಿದೆ. ಕೆಳಗಿನ ಜಿ, ಎ, ಬಿ ಪುಕ್ಕಟೆ ಬಂದವು. ಮೂರು ಕಿಲೋಬೈಟ್‌ನಲ್ಲಿ ಆರು ಸ್ವರ. ಉಳಿದದ್ದು ಎಫ್ ಶಾರ್ಪ್, ಬೇಸ್ ಅಲ್ಲಿಗೆ ಹೋಗದ ಹಾಗೆ ಟ್ಯೂನನ್ನೇ ಬರೆದೆ.

ಖಾಲಿಯಾದ ಟ್ರಯಾಂಗಲ್‌ಗೆ, ಸನ್‌ಸಾಫ್ಟ್‌ನವರ ಹಾಗೆಯೇ, ಡ್ರಮ್ ಕೆಲಸ ಕೊಟ್ಟೆ. ಸ್ವರ ಎತ್ತರದಲ್ಲಿ ಶುರುವಾಗಿ ನಾಲ್ಕೈದು ಫ್ರೇಮ್‌ನಲ್ಲಿ (ಫ್ರೇಮ್ ಅಂದರೆ ಪರದೆಯ ಒಂದು ಚಿತ್ರದ ಹೊತ್ತು) ಧಡಕ್ಕನೆ ಇಳಿಯಬೇಕು, ಮೊದಲ ಫ್ರೇಮ್‌ಗೆ ನಾಯ್ಸ್‌ನ ಒಂದು ಚೂರು. ಟ್ರಯಾಂಗಲ್‌ಗೆ ವಾಲ್ಯೂಮ್ ಇಲ್ಲ, ಕೊನೆಯಲ್ಲಿ ನಿಲ್ಲಿಸುವುದನ್ನೂ ನಾವೇ ಬರೆಯಬೇಕು. ಬೇಸ್ ಜೊತೆ ಅದು ಬಿದ್ದಾಗ ಒಳ್ಳೇ ಗುದ್ದು ಬರುತ್ತದೆ.

ಪಲ್ಸ್ ಬಗ್ಗೆ ಒಂದು ಮಾತು. 90ರ ದಶಕದಲ್ಲಿ ನಮ್ಮೂರುಗಳಲ್ಲಿ ಟಿವಿ ಗೇಮ್ ಅಂತ ಮಾರುತ್ತಿದ್ದ ಸೆಟ್‌ಗಳಲ್ಲಿ ಬಹಳಷ್ಟು ಫ್ಯಾಮಿಕಾಮ್‌ನ ನಕಲು. ಅಂಥ ಹಲವು ನಕಲಿ ಚಿಪ್‌ಗಳಲ್ಲಿ ಪಲ್ಸ್‌ನ 25% ಮತ್ತು 50% ಡ್ಯೂಟಿ (ಅಲೆ ಮೇಲಿರುವ ಪಾಲು) ಅದಲುಬದಲಾಗಿವೆ, ಮೆಲೊಡಿಯ ಬಣ್ಣವೇ ಬೇರೆ. ಅದನ್ನು ಕೇಳಿ ಬೆಳೆದವರಿಗೆ ಅಸಲಿ ಸೆಟ್ಟೇ ತಪ್ಪು ಅನ್ನಿಸಿದರೆ ಆಶ್ಚರ್ಯ ಇಲ್ಲ, ಅಲ್ವಾ?

ಈಗ ಸನ್‌ಸಾಫ್ಟ್‌ನದೇ 1992ರ ಆಟ ‘ಗಿಮಿಕ್’ ಹಿಡಿದಿದ್ದೇನೆ. ಮಸಾಶಿ ಕಾಗೆಯಾಮ ಅವರ ಸಂಗೀತ. ಅದರ ಕ್ಯಾಸೆಟ್‌ನಲ್ಲೇ ಸನ್‌ಸಾಫ್ಟ್ ಇನ್ನೊಂದು ಸೌಂಡ್ ಚಿಪ್ ಕೂರಿಸಿ ಮೂರು ಚಾನೆಲ್ ಸೇರಿಸಿತ್ತು. ಕ್ಯಾಸೆಟ್‌ನ ಸದ್ದನ್ನು ಬೆರೆಸುವ ದಾರಿ ಫ್ಯಾಮಿಕಾಮ್‌ಗಿತ್ತು, ಜಪಾನಿನ ಹೊರಗೆ ಮಾರಿದ ಸೆಟ್‌ನ ಕ್ಯಾಸೆಟ್ ಪಿನ್‌ಗಳಲ್ಲಿ ಇರಲಿಲ್ಲ. ಹಾಗಾಗಿ ಸ್ಕ್ಯಾಂಡಿನೇವಿಯಾದಲ್ಲಿ ಬಂದ ಆವೃತ್ತಿಯಲ್ಲಿ ಆ ಚಾನೆಲ್‌ಗಳೇ ಮಾಯ. ನನ್ನ ಮುಂದಿನ ಟ್ಯೂನಿನಲ್ಲಿ ಕಾರ್ಡ್‌ಗಳೆಲ್ಲ (ಒಟ್ಟಿಗೆ ನುಡಿಯುವ ಸ್ವರಗಳು) ಆ ಮೂರರಲ್ಲಿ, ಬೇಸ್ ಇದೇ ಮೂರು ಸ್ಯಾಂಪಲ್.